ನಾಲ್ಕು ಬೆರಳು ಕಮ್ಮಿ ಇದ್ದ ಕೊಳ

ನೀರಿಗೆ ಇಳಿಯುವ ಮೊದಲು ಅವಳು ಕೊಳದ ಅಂಚಿನಲ್ಲಿ ಕೂತು, ಒಂದು ಬೊಗಸೆ ನೀರು ಮೊಗೆದು ಎದೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ತಣ್ಣೀರು ಮುಟ್ಟಿದಾಗ ಎದೆ ಒಮ್ಮೆ ಬೆಚ್ಚುತ್ತಿತ್ತು. ಅದು ಮತ್ತೆ ತನ್ನ ಬಡಿತಕ್ಕೆ ಮರಳುವ ತನಕ ಹಾಗೇ ಕಾಯುವಳು. ಬೇಸಗೆಯಿರಲಿ, ಮಾತಾಡಿದರೆ ಬಾಯಿಂದ ಹೊಗೆಯೇಳುವ ಚಳಿಯಿರಲಿ, ಇದೊಂದನ್ನು ಅವಳು ತಪ್ಪಿಸಿದವಳಲ್ಲ. ಸ್ಪರ್ಧೆಯ ದಿನ ಮೈಕಿನವನು ಹೆಸರು ಕೂಗಿ ಕೂಗಿ ಸಿಡುಕಿದರೂ ಆ ಬೊಗಸೆ ನೀರು ಮೈಮೇಲೆ ಬೀಳದೆ ಏಳುತ್ತಿರಲಿಲ್ಲ. ಅದನ್ನು ಕಲಿಸಿದ್ದು ಅವಳ ಅಮ್ಮ. ಹೇಳದೆ ಕೇಳದೆ ಯಾರ ಮನೆಯೊಳಗೂ ನುಗ್ಗಬಾರದು, ನೀರಿನೊಳಗೂ ಅಷ್ಟೆ ಎನ್ನುತ್ತಿದ್ದಳು. ಹೀಗೆ ಹೇಳಿದ ಅಮ್ಮ ಜನ್ಮದಲ್ಲಿ ಮೊಣಕಾಲಿನ ಮೇಲಿನ ನೀರಿಗೆ ಇಳಿದವಳಲ್ಲ.

ಅಮ್ಮನದು ಆ ಕೊಳದಲ್ಲಿ ಬಟ್ಟೆ ಬದಲಿಸುವ ಕೋಣೆಗಳನ್ನು ತೊಳೆಯುವ ಕೆಲಸ. ಅಪ್ಪ ಹಡಗುಕಟ್ಟೆಯಲ್ಲಿ ಕೆಲಸ ಸಿಕ್ಕಿದೆಯೆಂದು ಹೋದವನು, ಮೊದಮೊದಲು ಬಂದು ಹೋಗುತ್ತಿದ್ದ, ಆಮೇಲೆ ಹೋದವನು ಹೋದ. ಮಗುವನ್ನು ಬಿಟ್ಟು ಬರಲು ಮನೆಯಲ್ಲಿ ಜನವಿಲ್ಲ. ಹಾಗಾಗಿ ಅಮ್ಮ ಅವಳನ್ನು ಕೊಳದ ಆಳವಿಲ್ಲದ ಮೂಲೆಯ ಮೆಟ್ಟಿಲ ಮೇಲೆ ಕೂರಿಸಿ, ಅಲ್ಲಾಡಿದರೆ ಕಾಲು ಮುರಿಯುತ್ತೇನೆಂದು ಹೆದರಿಸಿ, ಬಕೆಟ್ಟು ಪೊರಕೆ ಎತ್ತಿಕೊಂಡು ಒಳಗೆ ಹೋಗುವಳು. ಮಗು ಅಲ್ಲಾಡಲಿಲ್ಲ. ಮೆಟ್ಟಿಲ ಮೇಲೆ ಕೂತಲ್ಲೇ ಒಂದೊಂದು ಮೆಟ್ಟಿಲು ಕೆಳಗೆ ಜಾರುತ್ತಾ ಹೋಯಿತು, ಅಷ್ಟೆ. ಒಂದು ದಿನ ಅಮ್ಮ ಹೊರಗೆ ಬಂದು ನೋಡಿದರೆ ಮೆಟ್ಟಿಲು ಖಾಲಿ. ಅವಳ ಕೈಯಿಂದ ಬಕೆಟ್ಟು ಬಿತ್ತು. ಮಗು ಕೊಳದ ನಡುವೆ ಕಪ್ಪೆಮರಿಯ ಹಾಗೆ ಕೈಕಾಲು ಬಡಿಯುತ್ತಾ ನಗುತ್ತಿತ್ತು. ಪಕ್ಕದಲ್ಲಿ ಪ್ಯಾಂಟು ಶರಟು ಸಮೇತ ನೀರಿಗೆ ಹಾರಿದ ಮೇಷ್ಟ್ರು, ಹಿಡಿಯಬೇಕೋ ಬಿಡಬೇಕೋ ತಿಳಿಯದೆ ನಿಂತಿದ್ದರು.

ಮೇಷ್ಟ್ರು ಅಂದರೆ ಆ ಊರಿನ ಮಕ್ಕಳಿಗೆಲ್ಲ ಈಜು ಕಲಿಸುವವರು. ಸಣಕಲು ಮೈ, ಗೊಗ್ಗರು ದನಿ, ಕೋಪ ಮೂಗಿನ ತುದಿಯಲ್ಲಿ. ಒದ್ದೆ ಬಟ್ಟೆಯಲ್ಲೇ ನಿಂತು ಅವರು ಮಗುವಿನ ತೋಳುಗಳನ್ನು ಎಳೆದು ನೋಡಿದರಂತೆ. ನಿಂತರೆ ಬೆರಳು ಮೊಣಕಾಲನ್ನು ಮುಟ್ಟುವಷ್ಟು ಉದ್ದ. ಇದೆಂಥಾ ಉದ್ದಕೈ ಹುಡುಗಿಯಮ್ಮ ನಿಂದು, ಅಟ್ಟದ ಮೇಲಿನ ಡಬ್ಬ ಇಳಿಸೋಕೆ ಏಣಿ ಬೇಡ ನಿಮ್ಮನೆಗೆ ಎಂದರಂತೆ. ಅಂದಿನಿಂದ ಉದ್ದಕೈ ಎಂದೇ ಹೆಸರು ನಿಂತುಹೋಯಿತು. ಶಾಲೆಯಲ್ಲಿ ಅದೇ ಹೆಸರು ಹಿಡಿದು ಆಡಿಕೊಂಡವರಿದ್ದರು. ನೀರಿನಲ್ಲಿ ಆಡಿಕೊಳ್ಳುವಷ್ಟು ಹತ್ತಿರಕ್ಕೆ ಯಾರೂ ಬರಲಿಲ್ಲ.

ಅವಳದು ಫ್ರೀಸ್ಟೈಲ್. ಹೆಸರು ಕೇಳಿದರೆ ಇಷ್ಟ ಬಂದ ಹಾಗೆ ಈಜಬಹುದು ಎನಿಸುತ್ತದೆ. ನಿಜವಾಗಿ ಅದರಷ್ಟು ಕಟ್ಟುನಿಟ್ಟು ಇನ್ನೊಂದಿಲ್ಲ. ಮುಖ ನೀರೊಳಗೆ, ಕಣ್ಣು ತಳದಲ್ಲಿ ಎಳೆದ ಕಪ್ಪು ಗೆರೆಯ ಮೇಲೆ. ಒಂದು ತೋಳು ಮುಂದೆ ಹೋಗಿ ನೀರನ್ನು ಹಿಡಿದು ಹಿಂದಕ್ಕೆ ತಳ್ಳುವಾಗ ಇನ್ನೊಂದು ಮೇಲೆ ಬರಬೇಕು, ತಲೆ ಪಕ್ಕಕ್ಕೆ ಹೊರಳಿ ಅರ್ಧ ಬಾಯಿ ಗಾಳಿ ಕದಿಯಬೇಕು. ಮೇಷ್ಟ್ರು ದಡದ ಉದ್ದಕ್ಕೂ ಚಪ್ಪಲಿ ಎಳೆಯುತ್ತಾ ಅವಳ ಜೊತೆಗೇ ನಡೆಯುವರು. ಅವಳು ಗಾಳಿಗೆಂದು ತಲೆ ಹೊರಳಿಸಿದಾಗಲೆಲ್ಲ ಅವರ ಬೈಗುಳದ ಒಂದೊಂದು ತುಂಡು ಕಿವಿಗೆ ಬೀಳುತ್ತಿತ್ತು.

"ಎಮ್ಮೇನೂ ಈಜತ್ತೆ ಕಣೇ," ಎನ್ನುತ್ತಿದ್ದರು, "ಎಮ್ಮೆ ಕೊರಳಿಗೆ ಯಾರೂ ಪದಕ ಹಾಕಲ್ಲ."

ಪದಕಗಳೇನೋ ಬಂದವು. ಮೊದಲು ಊರಿನ ಮಟ್ಟದಲ್ಲಿ, ಆಮೇಲೆ ಪ್ರಾಂತದ ಮಟ್ಟದಲ್ಲಿ. ಅಮ್ಮ ಅವನ್ನು ಕಿಟಕಿಯ ಸರಳಿಗೆ ನೇತುಹಾಕುವಳು. ಗಾಳಿ ಬಂದರೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆದರೆ ದೇಶದ ತಂಡಕ್ಕೆ ಆಯ್ಕೆಯೆಂಬ ಬಾಗಿಲು ಮಾತ್ರ ಅವಳಿಗೆ ತೆರೆಯಲಿಲ್ಲ. ಒಮ್ಮೆ ಆಯ್ಕೆಯ ಮುನ್ನಾದಿನ ಜ್ವರ ಬಂದು ಮಲಗಿದಳು. ಇನ್ನೊಮ್ಮೆ ಚೆನ್ನಾಗಿಯೇ ಈಜಿದಳು, ಆದರೆ ಅವಳಿಗಿಂತ ಚೆನ್ನಾಗಿ ಈಜುವವರು ಬಂದಿದ್ದರು. ಮತ್ತೊಮ್ಮೆ ಹೋಗುವ ಬಸ್ಸೇ ದಾರಿಯಲ್ಲಿ ಕೆಟ್ಟು ನಿಂತಿತು. ವಯಸ್ಸು ಯಾರ ಮಾತೂ ಕೇಳದೆ ಏರುತ್ತಾ ಹೋಯಿತು. ಅವಳ ಜೊತೆ ಕಲಿತವರೆಲ್ಲ ಈಜು ಬಿಟ್ಟು ಮದುವೆಯಾಗಿ, ತಮ್ಮ ಮಕ್ಕಳ ಕೈ ಹಿಡಿದುಕೊಂಡು ಅದೇ ಕೊಳಕ್ಕೆ ಬರತೊಡಗಿದರು. ಆ ಮಕ್ಕಳಿಗೆ ನೀರಲ್ಲಿ ಗುಳ್ಳೆ ಬಿಡುವುದನ್ನು ಕಲಿಸುವುದೇ ಈಗ ಅವಳ ಉದ್ಯೋಗ. ಅವಳಿಗೂ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಒಳ್ಳೆಯವನೇ. ಇನ್ನೊಂದು ವರ್ಷ ತಡೆಯಿರಿ ಎಂದು ಕೇಳಿಕೊಂಡಳು. ಅವರ ಮನೆಯವರು ತಡೆಯಲಿಲ್ಲ. ಚಿಕ್ಕಮ್ಮ ಮನೆಗೆ ಬಂದಾಗಲೆಲ್ಲ, "ನೀರಲ್ಲೇ ಸಂಸಾರ ಹೂಡಿಬಿಡೆ, ಬಾಡಿಗೆನಾದ್ರೂ ಉಳೀತದೆ," ಎಂದು ಚುಚ್ಚಿ ಹೋಗುವಳು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಭುಜದ ನೋವು. ಬಲತೋಳು ಎತ್ತಿದರೆ ಒಳಗೆಲ್ಲೋ ಹಗ್ಗ ಉಜ್ಜಿದ ಹಾಗೆ ಆಗುತ್ತಿತ್ತು. ಸಂಜೆ ಅಮ್ಮ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿ ಹಿಡಿಯುವಳು. ಬೆಳಿಗ್ಗೆ ತಲೆ ಬಾಚಿಕೊಳ್ಳಲೂ ಆಗದೆ ಅಮ್ಮನ ಮುಂದೆ ಕೂರುವಳು. ವೈದ್ಯರು ಅಡ್ಡಮಾತಿಲ್ಲದೆ ಹೇಳಿದ್ದರು: ಈ ಸಲದ ಸ್ಪರ್ಧೆಗಳು ಮುಗಿಯುವ ತನಕ ಹೇಗೋ ದೂಡಬಹುದು, ಆಮೇಲೆ ತೋಳು ಬೇಕೋ ಈಜು ಬೇಕೋ ನೋಡಿಕೋ ಎಂದು.

ಆ ಸಲ ದೊಡ್ಡ ಕ್ರೀಡಾಕೂಟವಿತ್ತು, ಹಲವು ದೇಶಗಳು ಸೇರುವಂಥದ್ದು. ನಾನೂರು ಮೀಟರ್ ಫ್ರೀಸ್ಟೈಲಿಗೆ ಹುಡುಗಿಯರಲ್ಲಿ ಒಂದೇ ಜಾಗ. ಅಮ್ಮ ದೇವರ ಮುಂದೆ ಹೆಚ್ಚು ಬೇಡುವವಳಲ್ಲ, ಕೊಟ್ಟದ್ದಕ್ಕೆ ಕೈಮುಗಿಯುವವಳು. ಈ ಸಲ ಮಾತ್ರ ಬಾಯಿಬಿಟ್ಟು ಬೇಡಿದಳು. ಪದಕ ಕೇಳಲಿಲ್ಲ. ನನ್ನ ಮಗಳು ಒಂದೇ ಒಂದು ಸಲ ಆ ನೀರಲ್ಲಿ ಇಳಿದು ಬರಲಿ ತಂದೆ, ಅಷ್ಟು ಸಾಕು ಎಂದಳು.

ಆಯ್ಕೆಗೆ ಮೊದಲು ಅವರ ಕೊಳವನ್ನು ರಿಪೇರಿಗೆಂದು ಮುಚ್ಚಿದರು. ಎರಡೂ ತುದಿಯ ಗೋಡೆಗಳಲ್ಲಿ ಹಳೆಯ ಟೈಲ್ಸ್ ಬಿರುಕುಬಿಟ್ಟು ಮಕ್ಕಳ ಕಾಲು ಕೊಯ್ಯುತ್ತಿತ್ತು. ಕೊಳ ಮತ್ತೆ ತೆರೆದಾಗ ಗೋಡೆಗಳು ಹೊಸ ನೀಲಿ ಟೈಲ್ಸಿನಲ್ಲಿ ಥಳಥಳ ಹೊಳೆಯುತ್ತಿದ್ದವು. ಎಲ್ಲರೂ ಖುಷಿಯಲ್ಲಿ ನೀರಿಗೆ ಬಿದ್ದರು. ಮೊದಲ ದಿನವೇ ಎಲ್ಲರ ಹಿಮ್ಮಡಿ ಗೋಡೆಗೆ ಬಡಿಯಿತು.

ಈಜುಗಾರರು ಗೋಡೆಯ ಹತ್ತಿರ ಬಂದಾಗ ತಲೆಯೆತ್ತಿ ನೋಡುವುದಿಲ್ಲ. ತಳದ ಕಪ್ಪು ಗೆರೆ ಗೋಡೆಗೆ ಸ್ವಲ್ಪ ಮೊದಲೇ ಅಡ್ಡಗೆರೆಯಾಗಿ ಮುಗಿಯುತ್ತದೆ. ಅದು ಕಂಡ ಕೂಡಲೇ ನೀರೊಳಗೇ ಪಲ್ಟಿ ಹೊಡೆದು, ಎರಡೂ ಕಾಲಿಂದ ಗೋಡೆಯನ್ನು ಒದ್ದು ಬಾಣದ ಹಾಗೆ ಮರಳುತ್ತಾರೆ. ಗೋಡೆ ಎಲ್ಲಿದೆ ಎನ್ನುವುದನ್ನು ಕಣ್ಣಿಗಿಂತ ಹೆಚ್ಚಾಗಿ ಮೈ ಬಲ್ಲುದು. ಉದ್ದಕೈಯ ಮೈಗೆ ಆ ಗೋಡೆ ಮೆಟ್ಟಿಲ ಮೇಲೆ ಕೂತಿದ್ದ ಕಾಲದಿಂದ ಗೊತ್ತು. ಆದರೂ ಹಿಮ್ಮಡಿ ಬಡಿದು ಊದಿಕೊಂಡಿತು.

"ಕೂತು ತಿಂದೂ ತಿಂದೂ ಕಾಲು ಬೆಳೆದಿದೆ ನಿಮಗೆಲ್ಲ," ಎಂದು ಮೇಷ್ಟ್ರು ರೇಗಿದರು. "ಗೋಡೆ ಏನು ನಿಮ್ಮನ್ನ ಮಾತಾಡ್ಸೋಕೆ ಎದ್ದು ಬರತ್ತಾ?"

ಎಲ್ಲರೂ ನಕ್ಕರು. ಗೋಡೆ ಎದ್ದು ಬಂದಿರಬಹುದು ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೊದಲು ಗೋಡೆಯನ್ನೇ ಶಂಕಿಸುತ್ತಿದ್ದರೇನೋ. ಈಜುಗಾರರು ಹಾಗಲ್ಲ. ತಡವಾದರೆ ತಪ್ಪು ತಮ್ಮದು, ಉಸಿರು ಸಾಲದಿದ್ದರೆ ತಪ್ಪು ತಮ್ಮದು ಎಂದೇ ಬೆಳೆದವರು. ಉದ್ದಕೈಯೂ ತನ್ನ ಮೈಯನ್ನೇ ಬೈದುಕೊಂಡಳು. ವಯಸ್ಸಾಯಿತು, ಅಳತೆ ತಪ್ಪುತ್ತಿದೆ ಎಂದುಕೊಂಡು, ಹಲ್ಲುಕಚ್ಚಿ ಅದೇ ಪಲ್ಟಿಯನ್ನು ದಿನಗಟ್ಟಲೆ ಹೊಡೆದಳು. ಕೊನೆಗೆ ಕೂದಲೆಳೆಯಷ್ಟು ಮೊದಲೇ ಹೊರಳುವುದು ರೂಢಿಯಾಯಿತು. ಹಿಮ್ಮಡಿ ಬಡಿಯುವುದು ನಿಂತಿತು.

ಆಯ್ಕೆ ನಡೆದದ್ದು ಎರಡು ಕಡೆ. ಈ ಭಾಗದವರಿಗೆ ಅವರದೇ ಕೊಳದಲ್ಲಿ, ಆ ಭಾಗದವರಿಗೆ ರಾಜಧಾನಿಯ ಕೊಳದಲ್ಲಿ. ಎರಡೂ ಕಡೆಯ ಸಮಯ ಹೋಲಿಸಿ ಒಬ್ಬಳನ್ನು ತೆಗೆದುಕೊಳ್ಳುವರು. ಉದ್ದಕೈ ಆ ದಿನ ಎಂದೂ ಈಜದ ಹಾಗೆ ಈಜಿದಳು. ಭುಜ ಕೂಡ ಸುಮ್ಮನಿತ್ತು. ಸಂಜೆಯಾಗುವಷ್ಟರಲ್ಲಿ ಆ ಕಡೆಯ ಸುದ್ದಿ ಫೋನಿನಲ್ಲಿ ಬಂತು. ಅಲ್ಲಿ ಮೊದಲು ಬಂದ ಗುಂಗುರು ಕೂದಲಿನ ಹುಡುಗಿಗಿಂತ ಅವಳು ಕಣ್ಣೆವೆ ಮುಚ್ಚಿ ತೆರೆಯುವಷ್ಟು ಮುಂದಿದ್ದಳು. ಮೇಷ್ಟ್ರು ಎದ್ದುಹೋಗಿ ಪಂಪಿನ ಮನೆಯ ಹಿಂದೆ ನಿಂತು ಅತ್ತರು. ಇಷ್ಟು ವರ್ಷಗಳಲ್ಲಿ ಅವರ ಕೈಯಲ್ಲಿ ಕಲಿತ ಒಬ್ಬರೂ ದೇಶದ ಅಂಗಿ ತೊಟ್ಟಿರಲಿಲ್ಲ. ಅಮ್ಮ ಕಿಟಕಿಯ ಪದಕಗಳನ್ನೆಲ್ಲ ಇಳಿಸಿ, ತಿಕ್ಕಿ, ಮತ್ತೆ ತೂಗುಹಾಕಿದಳು.

ತರಬೇತಿ ಶಿಬಿರ ರಾಜಧಾನಿಯ ಕೊಳದಲ್ಲಿ. ಕಾಯ್ದಿಟ್ಟ ಈಜುಗಾರ್ತಿಯೆಂದು ಗುಂಗುರು ಕೂದಲಿನ ಹುಡುಗಿಯೂ ಬಂದಿದ್ದಳು. ಉದ್ದಕೈಗೆ ಏನಾದರೂ ಆದರೆ ಅವಳು ಹೋಗಬೇಕು. ಚುರುಕು ಹುಡುಗಿ, ಬಾಯಿಗೆ ಬೀಗವಿಲ್ಲ, ಮನಸ್ಸಿನಲ್ಲಿ ವಿಷವಿಲ್ಲ. ಮೊದಲ ದಿನವೇ ಅಕ್ಕಾ ಅಕ್ಕಾ ಎನ್ನುತ್ತಾ ಅಂಟಿಕೊಂಡಳು.

ಮೊದಲ ಪಲ್ಟಿಯಲ್ಲೇ ಉದ್ದಕೈಯ ಪಾದಗಳಿಗೆ ಗೋಡೆ ಸರಿಯಾಗಿ ಸಿಗಲಿಲ್ಲ. ಬೆರಳ ತುದಿ ಮಾತ್ರ ತಾಗಿತು. ಬಾಣದ ಹಾಗೆ ಹೊರಡಬೇಕಾದವಳು ತೊಯ್ದ ಬಟ್ಟೆಯ ಹಾಗೆ ತೇಲಿ ನಿಂತಳು. ಮತ್ತೆ ಈಜಿದಳು, ಮತ್ತೆ ಅದೇ. ದಿನವೆಲ್ಲ ಹಾಗೇ ಆಯಿತು. ಹೆದರಿಕೆ, ಎರಡು ದಿನ ಹೋದರೆ ಸರಿಹೋಗುತ್ತದೆ ಎಂದು ಜೊತೆಗೆ ಬಂದಿದ್ದ ಮೇಷ್ಟ್ರು ಸಮಾಧಾನ ಹೇಳಿದರು. ಊಟದ ಹೊತ್ತಿನಲ್ಲಿ ಗುಂಗುರು ಕೂದಲಿನ ಹುಡುಗಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂತಳು.

"ಅಕ್ಕಾ, ಬೇಜಾರಾಗ್ಬೇಡಿ. ನಿಮ್ಮೂರಿನ ಕೊಳ ಏನಾದ್ರೂ ಸ್ನಾನದ ತೊಟ್ಟಿನಾ? ಗೋಡೆ ಬರೋ ಮೊದ್ಲೇ ತಿರುಗ್ತೀರಲ್ಲ."

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಉದ್ದಕೈಯೂ ನಕ್ಕಳು. ನಗುತ್ತಿದ್ದ ಹಾಗೇ ಊದಿಕೊಂಡ ಹಿಮ್ಮಡಿ ನೆನಪಾಯಿತು.

ವಾರದ ರಜೆಗೆ ಊರಿಗೆ ಬಂದಳು. ಓಟದ ಮೈದಾನದ ಕಾವಲುಗಾರನಿಂದ ಈಟಿ ಎಸೆತ ಅಳೆಯುವ ಉದ್ದನೆಯ ಟೇಪು ಕೇಳಿ ತಂದಳು. ಬೆಳಗಿನ ಬೆಳಕು ಆಗಷ್ಟೇ ನೀರಿನ ಮೇಲೆ ಬೀಳುತ್ತಿತ್ತು, ಕೊಳದಲ್ಲಿ ಅಮ್ಮನ ಹೊರತು ಯಾರೂ ಇರಲಿಲ್ಲ. ಒಂದು ತುದಿಯನ್ನು ಅಮ್ಮನ ಕೈಗೆ ಕೊಟ್ಟು ಗೋಡೆಗೆ ಒತ್ತಿ ಹಿಡಿಯಲು ಹೇಳಿದಳು. ಇನ್ನೊಂದು ತುದಿಯನ್ನು ಹಿಡಿದು ದಡದುದ್ದಕ್ಕೂ ನಡೆದಳು. ಎಳೆದು ಬಿಗಿ ಮಾಡಿ ನೋಡಿದಳು. ತಪ್ಪಾಗಿರಬೇಕೆಂದು ಆ ಬದಿಗೆ ಹೋಗಿ ಅಲ್ಲೂ ಅಳೆದಳು. ಎಲ್ಲಿ ಅಳೆದರೂ ಐವತ್ತು ಮೀಟರಿಗೆ ನಾಲ್ಕು ಬೆರಳು ಕಮ್ಮಿ.

ಅಮ್ಮ ಟೇಪಿನ ತುದಿ ಬಿಡದೆ ಗೋಡೆಯನ್ನೇ ನೋಡುತ್ತಾ ನಿಂತಿದ್ದಳು.

"ಹಳೇದನ್ನ ಕೆತ್ತಿದ್ರೆ ಆ ಧೂಳು ನಾನೇ ಗುಡಿಸ್ಬೇಕಿತ್ತು," ಎಂದಳು ಮೆಲ್ಲಗೆ. "ಗುಡಿಸಿದ ನೆನಪಿಲ್ಲ ನಂಗೆ."

ಹಳೆಯ ಟೈಲ್ಸಿನ ಮೇಲೇ ಗಾರೆ ಮೆತ್ತಿ ಹೊಸದನ್ನು ಅಂಟಿಸಿದ್ದರು. ಆ ಕಡೆ ಎರಡು ಬೆರಳು, ಈ ಕಡೆ ಎರಡು ಬೆರಳು. ನಾನೂರು ಮೀಟರ್ ಎಂದರೆ ಕೊಳದ ಎಂಟು ಉದ್ದ. ನಾಲ್ಕು ಬೆರಳಿನಂತೆ ಎಂಟು ಸಲ ಕೂಡಿದರೆ ಮೊಳಕ್ಕೂ ಮಿಕ್ಕಿತು. ಗುಂಗುರು ಕೂದಲಿನವಳಿಗಿಂತ ಅವಳು ಮುಂದಿದ್ದದ್ದು ಅದರ ಅರ್ಧದಷ್ಟೂ ಇಲ್ಲ.

ಅಮ್ಮ ಟೇಪು ಸುತ್ತಿ ಕೊಟ್ಟು, ಏನು ಮಾಡ್ತೀಯ ಎಂದು ಕೂಡ ಕೇಳದೆ ಪೊರಕೆ ತೆಗೆದುಕೊಂಡು ಒಳಗೆ ಹೋದಳು. ಕೇಳಿದ್ದರೆ ಚೆನ್ನಾಗಿತ್ತು ಎನಿಸಿತು ಉದ್ದಕೈಗೆ.

ಶಿಬಿರಕ್ಕೆ ಮರಳಿದಳು, ತುಟಿಪಿಟಿಕ್ಕೆನ್ನಲಿಲ್ಲ. ಅವಳೇನು ಮೋಸ ಮಾಡಿದ್ದಳೇ? ಟೈಲ್ಸ್ ಅವಳು ಹಾಕಿದ್ದಲ್ಲ. ಆ ಕೊಳದಲ್ಲೇ ಆಯ್ಕೆ ನಡೆಸಿ ಎಂದು ಅವಳು ಹೇಳಿದ್ದೂ ಅಲ್ಲ. ಹೀಗೆಂದು ಮನಸ್ಸಿಗೆ ಹೇಳಿ ಹೇಳಿ ಮಲಗಿಸುವಳು, ಮನಸ್ಸು ಅರ್ಧ ನಿದ್ದೆಯಲ್ಲೇ ಎದ್ದು ಕೂರುವುದು. ಪ್ರಾರ್ಥನೆಗೆ ಕೂತರೆ ಮಾತು ಬರುತ್ತಿರಲಿಲ್ಲ. ಮನುಷ್ಯರಿಂದ ಬಚ್ಚಿಟ್ಟದ್ದನ್ನು ಕಾಪಾಡು ಎಂದು ದೇವರ ಹತ್ತಿರ ಕೇಳುವುದು ಹೇಗೆ? ಸುಮ್ಮನೆ ಕಣ್ಣು ಮುಚ್ಚಿ ಕೂತು, ಸುಮ್ಮನೆ ಏಳುವಳು. ಗುಂಗುರು ಕೂದಲಿನ ಹುಡುಗಿ ದಿನವೂ ಬಂದು, ಅಕ್ಕಾ ಪಲ್ಟಿ ಹೀಗೆ ಹೊಡೆದು ನೋಡಿ ಎಂದು ತೋರಿಸಿಕೊಡುವಳು. ತನ್ನ ಜಾಗ ಕಿತ್ತುಕೊಂಡವಳಿಗೆ ಇಷ್ಟು ಮನಸ್ಸಿಟ್ಟು ಕಲಿಸುವ ಆ ಹುಡುಗಿಯ ಮುಖ ನೋಡಲಾಗದೆ ಉದ್ದಕೈ ಈಜಿನ ಕನ್ನಡಕವನ್ನು ಕಣ್ಣಿಗೆ ಒತ್ತಿಕೊಂಡು ನೀರಿಗೆ ಮುಳುಗುವಳು. ನೀರೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ.

ಒಂದು ಮಧ್ಯಾಹ್ನ ತಡೆಯಲಾಗದೆ ಮೇಷ್ಟ್ರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟಳು. ಅವರು ಎದ್ದು ಮೊದಲು ಬಾಗಿಲು ಹಾಕಿದರು. ಆಮೇಲೆ ಕಿಟಕಿಯನ್ನೂ ಹಾಕಿದರು. ಮಂಚದ ಅಂಚಿನಲ್ಲಿ ತಲೆ ಹಿಡಿದುಕೊಂಡು ಕೂತರು.

"ಯಾರಿಗಾದ್ರೂ ಹೇಳಿದ್ಯಾ?"

ಅಮ್ಮನಿಗೆ ಗೊತ್ತು ಎಂದಳು.

"ನಿಮ್ಮಮ್ಮ ಗೋಡೆ ಇದ್ದ ಹಾಗೆ, ಅವರಿಂದ ಹೊರಗೆ ಬರಲ್ಲ. ನೀನೂ ಬಾಯಿ ಮುಚ್ಕೊಂಡಿರು. ಕೂಟ ಮುಗೀಲಿ, ನಾನೇ ನಿಂತು ಆ ಟೈಲ್ಸ್ ಕೀಳಿಸ್ತೀನಿ."

"ಆ ಹುಡುಗಿ ಗತಿ, ಮೇಷ್ಟ್ರೇ?"

"ಅವಳಿಗೆ ಇನ್ನೂ ಮೀಸೆ ಚಿಗುರದ ವಯಸ್ಸು," ಎಂದು ರೇಗಿದರು. ಹೇಳಿದ್ದು ತಮಾಷೆಯಾಗಿದೆಯೆಂದು ಅವರಿಗೇ ಗೊತ್ತಾಗಲಿಲ್ಲ. "ಇನ್ನು ಹತ್ತು ಕೂಟ ನೋಡ್ತಾಳೆ ಅವಳು. ನಿನ್ನ ಭುಜ ಇನ್ನೊಂದು ಕೂಟಕ್ಕೆ ತಡೀತದಾ? ಹೇಳು. ನಾನು ತಡೀತೀನಾ?"

ತನಗಾಗಿ ದಡದ ಮೇಲೆ ಚಪ್ಪಲಿ ಸವೆಸಿದ ಮನುಷ್ಯ. ಅವರ ಕಾಲು ಮುಟ್ಟಿ ನಮಸ್ಕರಿಸಿ ಹೊರಗೆ ಬಂದಳು. ಅಲ್ಲಿಂದ ನೆಟ್ಟಗೆ ಈಜು ಸಂಘದ ಕಾರ್ಯದರ್ಶಿಯ ಕಚೇರಿಗೆ ನಡೆದಳು. ಮೆಟ್ಟಿಲು ಹತ್ತುವಾಗ ಎರಡು ಸಲ ಹಿಂದಕ್ಕೆ ತಿರುಗಿದಳು, ಎರಡು ಸಲವೂ ತಿರುಗಿ ಹತ್ತಿದಳು.

ಕಾರ್ಯದರ್ಶಿಯವರು ಕೇಳಿಸಿಕೊಂಡು, ಹುಬ್ಬು ಗಂಟಿಕ್ಕಿ, ನೀನು ಬಂದು ಒಳ್ಳೆ ತಲೆನೋವು ತಂದೆಯಮ್ಮ ಎಂದರು. ಕೊಳವನ್ನು ಅಳೆಸಿದರು. ನಾಲ್ಕು ಬೆರಳು ಕಮ್ಮಿಯೇ ಇತ್ತು. ರಿಪೇರಿಯಾದ ಮೇಲೆ ಆ ಕೊಳದಲ್ಲಿ ಬರೆದ ಸಮಯಗಳೆಲ್ಲ ರದ್ದಾದವು. ಅವಳದು ಮಾತ್ರವಲ್ಲ, ಅಲ್ಲಿ ಕಲಿಯುವ ಮಕ್ಕಳದ್ದೂ. ಮಕ್ಕಳ ತಾಯಂದಿರು ಬಟ್ಟೆ ಬದಲಿಸುವ ಕೋಣೆಯಲ್ಲಿ ಅಮ್ಮನನ್ನು ಸುತ್ತುವರಿದು, ನಿನ್ನ ಮಗಳು ತನ್ನ ಮನೆ ಹಾಳಾಯ್ತು ಅಂತ ನಮ್ಮ ಮಕ್ಕಳದ್ದೂ ಹಾಳು ಮಾಡಿದಳಲ್ಲ ಎಂದು ಬಾಯಿಗೆ ಬಂದದ್ದು ಅಂದರು. ಅಮ್ಮ ನೆಲ ಒರೆಸುತ್ತಾ ಇದ್ದಳಂತೆ. ಮೇಷ್ಟ್ರು ಉದ್ದಕೈಯೊಂದಿಗೆ ಮಾತು ಬಿಟ್ಟರು. ಆದರೂ ಬೆಳಿಗ್ಗೆ ಎಂದಿನಂತೆ ದಡಕ್ಕೆ ಬಂದು, ಮಾತಿಲ್ಲದೆ, ಅವಳ ಜೊತೆಗೆ ನಡೆಯುವರು. ಬೈಗುಳವಿಲ್ಲದ ಆ ಚಪ್ಪಲಿಯ ಸದ್ದು ಅವಳ ಎದೆ ಹಿಂಡುತ್ತಿತ್ತು.

ಕಾರ್ಯದರ್ಶಿಯವರು ಒಂದು ಅವಕಾಶ ಕೊಟ್ಟರು. ಹೆಸರು ಕಳಿಸುವ ಮುನ್ನಾದಿನ, ರಾಜಧಾನಿಯ ಸರಿಯಳತೆಯ ಕೊಳದಲ್ಲಿ ಅವಳು ಒಬ್ಬಳೇ ಈಜಬಹುದು. ಗುಂಗುರು ಕೂದಲಿನ ಹುಡುಗಿಯ ಸಮಯಕ್ಕಿಂತ ಮುಂದೆ ಬಂದರೆ ಜಾಗ ಅವಳದ್ದೇ. ಅವಳ ಮುಂದೆ ಇದ್ದದ್ದು ಕೆಲವೇ ದಿನ. ಆ ದಿನಗಳಲ್ಲಿ, ಸರಿಯಾದ ಗೋಡೆಯನ್ನು ಮೈಗೆ ಮತ್ತೆ ಕಲಿಸಬೇಕು. ಕಲಿಸಿದಷ್ಟೂ ಭುಜ ಕೂಗಿಕೊಳ್ಳುತ್ತಿತ್ತು. ಪಲ್ಟಿ ಕೆಲವು ಸಲ ಸರಿಬೀಳುವುದು, ಕೆಲವು ಸಲ ಬೆರಳ ತುದಿ ಮಾತ್ರ. ಸಣ್ಣ ಕೊಳ ಅವಳ ಮೈಯೊಳಗೆ ಮನೆಮಾಡಿ ಕೂತುಬಿಟ್ಟಿತ್ತು.

ಆ ದಿನ ಬಂತು. ದೊಡ್ಡ ಕೊಳದಲ್ಲಿ ಒಂದು ಲೇನ್ ಬಿಟ್ಟು ಉಳಿದದ್ದೆಲ್ಲ ಖಾಲಿ. ಗೋಡೆಯ ವಿದ್ಯುತ್ ಗಡಿಯಾರವನ್ನು ಒಬ್ಬಳಿಗಾಗಿ ಹಚ್ಚುವುದಿಲ್ಲವಾದ್ದರಿಂದ, ಸಮಯ ಹಿಡಿಯಲು ಗಡಿಯಾರದ ಮಾಮನನ್ನು ಕರೆಸಿದ್ದರು. ಕೈಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ, ಈಗ ಸ್ಪರ್ಧೆಗಳಲ್ಲಿ ಸ್ಟಾಪ್‌ವಾಚ್ ಹಿಡಿಯುವುದೇ ಅವರ ಕಸುಬು. ಉದ್ದಕೈಯನ್ನು ಅವಳು ಹಲ್ಲು ಬಿದ್ದ ಮಗುವಾಗಿದ್ದಾಗಿನಿಂದ ನೋಡಿದವರು, ಪ್ರತಿ ಸಲ ಸೋತಾಗಲೂ ಜೇಬಿನಿಂದ ಒಂದು ಮಿಠಾಯಿ ತೆಗೆದು ಕೊಟ್ಟವರು. ಕಾರ್ಯದರ್ಶಿಯವರು ದೂರದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ಮೆಟ್ಟಿಲ ಸಾಲಿನಲ್ಲಿ ಮೇಷ್ಟ್ರು, ಅವರಿಂದ ಬಹುದೂರಕ್ಕೆ ಗುಂಗುರು ಕೂದಲಿನ ಹುಡುಗಿ. ಅವಳು ಮೊಣಕಾಲಿಗೆ ಮುಖ ಒತ್ತಿಕೊಂಡು ಕೂತಿದ್ದಳು.

ಸೀಟಿ ಕೂಗಿತು, ಉದ್ದಕೈ ಹಾರಿದಳು.

ಮೊದಲ ಉದ್ದಗಳಲ್ಲಿ ನೀರು ಅವಳನ್ನು ಎತ್ತಿಕೊಂಡು ಹೋಯಿತು. ಪಲ್ಟಿ ಸರಿಬಿತ್ತು, ಗೋಡೆ ಪಾದಕ್ಕೆ ತುಂಬಿ ಸಿಕ್ಕಿತು. ದೇವರೇ ಹೀಗೇ ಇರಲಿ ಎಂದುಕೊಂಡಳು. ಅರ್ಧ ದಾಟಿದ ಮೇಲೆ ಬಲಭುಜದಲ್ಲಿ ಆ ಹಗ್ಗ ಉಜ್ಜತೊಡಗಿತು. ತೋಳು ಮೇಲೆದ್ದಾಗಲೆಲ್ಲ ಕಣ್ಣ ಮುಂದೆ ಬಿಳಿ ಬಿಳಿ ಚುಕ್ಕೆ. ಗಾಳಿಗೆಂದು ತಲೆ ಹೊರಳಿಸಿದಾಗ ಮೇಷ್ಟ್ರು ಮೆಟ್ಟಿಲಿಳಿದು ದಡದ ಮೇಲೆ ಓಡುತ್ತಿರುವುದು ಕಾಣಿಸಿತು. ಏನೋ ಕೂಗುತ್ತಿದ್ದರು. ಮುಂದಿನ ಉಸಿರಿಗೆ ಕಿವಿಗೆ ಬಿತ್ತು, ಎಮ್ಮೆ ಎಂದು. ಇಷ್ಟು ದಿನದ ಮೇಲೆ ಆ ಮಾತು ಕೇಳಿ ಅವಳಿಗೆ ಎಲ್ಲಿಂದಲೋ ಬಲ ಬಂತು. ಕಾಲು ಬಡಿದಳು, ನೀರು ಸೀಳಿದಳು. ಕೊನೆಯ ಪಲ್ಟಿಗೆ ಕಪ್ಪು ಗೆರೆ ಮುಗಿಯಿತು, ಅಡ್ಡಗೆರೆ ಕಂಡಿತು. ದಣಿದ ಮೈ ಮನಸ್ಸಿನ ಮಾತು ಕೇಳದೆ ತನ್ನ ಊರಿನ ಕೊಳದಲ್ಲಿ ಹೊರಳುತ್ತಿದ್ದ ಜಾಗದಲ್ಲೇ ಹೊರಳಿಬಿಟ್ಟಿತು. ಬೆರಳ ತುದಿ ಗೋಡೆಗೆ ತಾಗಿ ಜಾರಿತು. ಅಲ್ಲೇ ಅವಳಿಗೆ ಗೊತ್ತಾಯಿತು. ಗೊತ್ತಾದರೂ ಉಳಿದ ಉದ್ದವನ್ನು ಮೈಯಲ್ಲಿದ್ದದ್ದನ್ನೆಲ್ಲ ಸುರಿದು ಈಜಿ, ಕೈ ಚಾಚಿ ಗೋಡೆಯನ್ನು ಹೊಡೆದಳು.

ಗೋಡೆ ಹಿಡಿದು ನೇತಾಡುತ್ತಾ ಏದುಸಿರು ಬಿಡುತ್ತಿದ್ದಳು. ಬಲತೋಳು ಮೇಲೇಳುತ್ತಿರಲಿಲ್ಲ. ಗಡಿಯಾರದ ಮಾಮ ಕೊಳದ ಅಂಚಿನಲ್ಲಿ ಮೊಣಕಾಲೂರಿ ಬಗ್ಗಿದರು. ಬೆನ್ನು ಎಲ್ಲರ ಕಡೆಗೆ, ಗಡಿಯಾರ ಅಂಗೈ ಮರೆಯಲ್ಲಿ. ತಿರುಗಿಸಿ ಅವಳಿಗೊಬ್ಬಳಿಗೇ ತೋರಿಸಿದರು. ತೀರಾ ಸ್ವಲ್ಪ ತಡ. ಉಗುರಿನ ತುದಿಯಷ್ಟು ಎಂದರೂ ನಡೆದೀತು.

"ಮಗಾ, ಕೇಳಿಲ್ಲಿ," ಎಂದರು ಪಿಸುದನಿಯಲ್ಲಿ. "ಮುದುಕನ ಬೆರಳಿದು. ಒತ್ತೋದು ತಡವಾಯ್ತು ಅಂತ ಹೇಳ್ತೀನಿ. ಅಷ್ಟು ತಡ ಆಗೋದು ಸಹಜ, ಯಾರೂ ಕೇಳಲ್ಲ. ಸರಿಮಾಡಿ ಹೇಳಿಬಿಡ್ತೀನಿ."

ಅವಳು ಅವರ ಕಣ್ಣನ್ನೇ ನೋಡಿದಳು. "ತಡವಾಯ್ತಾ ಮಾಮ, ನಿಜವಾಗ್ಲೂ?"

ಮಾಮ ಅಂಗೈಯಲ್ಲಿದ್ದ ಗಡಿಯಾರವನ್ನೊಮ್ಮೆ ನೋಡಿಕೊಂಡರು. "ಆಗಿರ್ಬಹುದು," ಎಂದರು. "ಆಗಿಲ್ಲ ಅಂತ ಯಾರು ಹೇಳ್ತಾರೆ? ನೀನು ಹೂಂ ಅನ್ನು ಸಾಕು."

ನೀರು ಅವಳ ಗದ್ದದ ತನಕ ಏರಿ ಇಳಿಯುತ್ತಿತ್ತು. ಹೂಂ ಎನ್ನುವುದಕ್ಕೆ ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ, ತಲೆ ಅಲ್ಲಾಡಿಸಿದರೂ ಆಗುತ್ತಿತ್ತು. ಆ ಒಂದು ಅಕ್ಷರದ ಆಚೆ ದೇಶದ ಅಂಗಿಯಿತ್ತು, ಮೇಷ್ಟ್ರ ಇಷ್ಟು ವರ್ಷಗಳಿದ್ದವು, ಅಮ್ಮ ಒಂದೇ ಒಂದು ಸಲ ಬಾಯಿಬಿಟ್ಟು ಬೇಡಿದ್ದಿತ್ತು. ಈಚೆ ಏನಿದೆ ಎಂದು ನೋಡಿಕೊಂಡಳು. ಎತ್ತಲಾಗದ ಒಂದು ತೋಳು. ಅಂಚು ಹಿಡಿದಿದ್ದ ಎಡಗೈಯನ್ನು ಬಿಡಿಸಿ, ಗಡಿಯಾರ ಹಿಡಿದಿದ್ದ ಮಾಮನ ಅಂಗೈಯನ್ನು ಮೆಲ್ಲಗೆ ಮುಚ್ಚಿದಳು.

"ಬೇಡ ಮಾಮ," ಎಂದಳು. "ಎದ್ದು ನಿಂತ್ಕೊಂಡು ಇದ್ದದ್ದನ್ನ ಇದ್ದ ಹಾಗೆ ಓದಿ. ಸ್ವಲ್ಪ ಜೋರಾಗಿ ಓದಿ, ಆ ಹುಡುಗಿ ತುಂಬಾ ದೂರ ಕೂತಿದಾಳೆ."